ಸ್ಕಿಲ್ ನಂಬಿದ ಹೊಸ ಕ್ಲಾಸ್: ಬೋನಸ್ ಎಷ್ಟು, ಏಟು ಎಷ್ಟು?

ಪ್ರಶ್ನೆ, ದಾವಣಗೆರೆಯಿಂದ:
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡೋ ಕಥೆಯಾಟ) ಐದನೇ ಆವೃತ್ತಿ, 2014ರ ನಿಯಮ. ಚಿತ್ರದುರ್ಗದ ಕೋಟೆ ಇಟ್ಟುಕೊಂಡು ಆಟ ಕಟ್ಟುತ್ತಿದ್ದೇವೆ. ಮಂತ್ರ ಇಲ್ಲದ, ಬರೀ ಸ್ಕಿಲ್ ಮೇಲೆ ನಡೆಯೋ ‘ಬೇಹುಗಾರ’ ಅನ್ನೋ ಕ್ಲಾಸ್ (ಪಾತ್ರದ ಕಸುಬು) ಬೇಕು. ಮೊದಲ ಲೆವೆಲ್‌ಗೇ ಆರು ಸ್ಕಿಲ್, ನಾಲ್ಕರಲ್ಲಿ ಎಕ್ಸ್‌ಪರ್ಟೀಸ್, ಅಂದ್ರೆ ಪ್ರೊಫಿಷಿಯನ್ಸಿ (ಪಳಗಿದ ಕೆಲಸಕ್ಕೆ ಸಿಗೋ ಬೋನಸ್) ದುಪ್ಪಟ್ಟು. ಜಾಸ್ತಿ ಆಯ್ತಾ? ಆಡಿಸಿದೋರು ಹೇಳಿ.

ಉತ್ತರ:
ಆರು ಸ್ಕಿಲ್ ಇರಲಿ ಬಿಡಿ, ನಾಲ್ಕು ಎಕ್ಸ್‌ಪರ್ಟೀಸ್ ಬೇಡ. ರೋಗ್ ಅನ್ನೋ ಕಳ್ಳನಂಥ ಕ್ಲಾಸ್‌ಗೇ ಮೊದಲ ಲೆವೆಲ್‌ನಲ್ಲಿ ಸಿಗೋದು ಎರಡು, ಇನ್ನೆರಡು 6ಕ್ಕೆ. ಆರಂಭದಲ್ಲಿ ಇದರ ಭಾರ ಗೊತ್ತಾಗಲ್ಲ: ಸಾಮರ್ಥ್ಯ +3, ಪ್ರೊಫಿಷಿಯನ್ಸಿ +2 ಇದ್ದೋನಿಗೆ ಡಿಸಿ 15 (20 ಮುಖದ ಡೈಸ್‌ಗೆ ಬೋನಸ್ ಸೇರಿಸಿ ಮುಟ್ಟಬೇಕಾದ ಅಂಕ) ಮುಟ್ಟೋ ಅವಕಾಶ ನೂರಕ್ಕೆ 55, ಎಕ್ಸ್‌ಪರ್ಟೀಸ್ ಸೇರಿದರೆ 65. ಅಷ್ಟೇ. ಆದರೆ 17ನೇ ಲೆವೆಲ್‌ಗೆ ಪ್ರೊಫಿಷಿಯನ್ಸಿ +6, ದುಪ್ಪಟ್ಟಾದರೆ 12, ಸಾಮರ್ಥ್ಯ +5, ಒಟ್ಟು +17. ಇವನಿಗೆ ಸವಾಲಾಗಲಿ ಅಂತ ಡಿಎಂ (ಆಟ ನಡೆಸೋರು) ಡಿಸಿ 25 ಇಟ್ಟರೆ, ಬೋನಸ್ ಇಲ್ಲದ ಪಕ್ಕದೋನಿಗೆ ಡೈಸ್‌ನಲ್ಲಿ 20 ಬಿದ್ದರೂ ಆಗಲ್ಲ. ಒಬ್ಬ ಆಡ್ತಾನೆ, ಉಳಿದೋರು ಮಂಡಕ್ಕಿ ತಿಂತಾ ಕೂರ್ತಾರೆ. ಅದಕ್ಕೇ ಸ್ಕಿಲ್‌ನ ಎತ್ತರ ಏರಿಸೋದಕ್ಕಿಂತ ಅಗಲ ಹೆಚ್ಚಿಸಿ.

ಇನ್ನೊಬ್ಬರು:
ಮೇಲಿನೋರ ಮಾತಿಗೆ ಒಂದು ಸೇರ್ಪಡೆ. ರೋಗ್‌ಗೆ 11ರಲ್ಲಿ ಬರೋ ರಿಲಯಬಲ್ ಟ್ಯಾಲೆಂಟ್ ಥರದ್ದನ್ನ ಬೇಗ ಕೊಡಬೇಡಿ. ಡೈಸ್‌ನಲ್ಲಿ 9 ಅಥವಾ ಕಡಿಮೆ ಬಿದ್ರೂ 10 ಅಂತ ಲೆಕ್ಕ ಹಿಡಿಯೋ ನಿಯಮ ಅದು. +13 ಇದ್ದೋನಿಗೆ 23ಕ್ಕಿಂತ ಕೆಳಗೆ ಬರೋದೇ ಇಲ್ಲ. ಬದಲಿಗೆ ಡೈಸ್‌ನ ಮರು ಉರುಳಿಕೆ ಕೊಡಿ, ಒಂದು ದೀರ್ಘ ವಿಶ್ರಾಂತಿಗೆ ಪ್ರೊಫಿಷಿಯನ್ಸಿ ಎಷ್ಟೋ ಅಷ್ಟು ಸಲ. ಖರ್ಚಾಗುತ್ತೆ ಅನ್ನೋ ಅಂಜಿಕೆ ಇದ್ದರೆ ಆಟಗಾರ ಯೋಚನೆ ಮಾಡಿ ಬಳಸ್ತಾನೆ. ಡಿಎಂ ಫಲಿತಾಂಶ ಹೇಳೋ ಮೊದಲೇ ತೀರ್ಮಾನಿಸಬೇಕು ಅಂತ ಸ್ಪಷ್ಟವಾಗಿ ಬರೀರಿ, ಇಲ್ಲಾಂದ್ರೆ ಟೇಬಲ್ ಮೇಲೆ ಜಗಳ.

ಮತ್ತೊಬ್ಬರು:
ಕಾಳಗದ ಲೆಕ್ಕ ಯಾರೂ ಹೇಳಲಿಲ್ಲವಲ್ಲ ಗುರುಗಳೇ! 5ನೇ ಲೆವೆಲ್, ಸಾಮರ್ಥ್ಯ +4 ಅಂತ ಇಟ್ಕೊಳ್ಳಿ. ಗ್ರೇಟ್‌ಸ್ವೋರ್ಡ್ ಹಿಡಿದ ಫೈಟರ್‌ನ ಎರಡೂ ಏಟು ಬಿದ್ರೆ ಸರಾಸರಿ ಹಾನಿ 22. ಶಾರ್ಟ್‌ಬೋ ರೋಗ್‌ನ ಒಂದೇ ಬಾಣ, ಸ್ನೀಕ್ ಅಟ್ಯಾಕ್ (ಹೊಂಚುದಾಳಿಯ ಹೆಚ್ಚುವರಿ ಹಾನಿ) ಸೇರಿ 18. ನಿಮ್ಮ ಬೇಹುಗಾರನ ಬರೀ ಬಾಣ 7.5, ಕಾಳಗ ಶುರುವಾದ ಕೂಡಲೇ ಆಟಗಾರ ಮೊಬೈಲ್ ತೆಗೀತಾನೆ. ಸರದಿಗೊಮ್ಮೆ ಏಟಿಗೆ ಹೆಚ್ಚುವರಿ ಹಾನಿ ಕೊಡಿ: ಮೊದಲಿಗೆ 1ಡಿ6 (ಆರು ಮುಖದ ಒಂದು ಡೈಸ್), 5ರಲ್ಲಿ 2ಡಿ6, 11ರಲ್ಲಿ 3ಡಿ6, 17ರಲ್ಲಿ 4ಡಿ6. 5ರಲ್ಲಿ ಅದು 14.5 ಆಗುತ್ತೆ, ಫೈಟರ್‌ನ ಮೂರನೇ ಎರಡು ಭಾಗ. ಈ ಕ್ಲಾಸ್‌ಗೆ ಸಾಕು. ಈ ಹೆಚ್ಚುವರಿ ಹಾನಿ ಸಿಗಬೇಕಾದ್ರೆ ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗೋ ಇನ್ನೊಂದು ಸಣ್ಣ ಕ್ರಿಯೆ) ಖರ್ಚು ಮಾಡಿ ಇನ್‌ಸೈಟ್ (ಎದುರಾಳಿಯ ಮನಸ್ಸು ಓದೋ ಸ್ಕಿಲ್) ಪರೀಕ್ಷೆ ಗೆಲ್ಲಬೇಕು ಅಂತ ಇಡಿ.

ಅಥ್ಲೆಟಿಕ್ಸ್‌ಗೆ ಎಕ್ಸ್‌ಪರ್ಟೀಸ್ ಕೊಡುವಾಗ ಮಾತ್ರ ಹುಷಾರು. 2014ರ ನಿಯಮದಲ್ಲಿ ಹಿಡಿಯೋದು, ಕೆಡವೋದು ಎರಡಕ್ಕೂ ಅದೇ ಸ್ಕಿಲ್, ಎಷ್ಟೋ ರಾಕ್ಷಸರಿಗೆ ಅದರಲ್ಲಿ ಪ್ರೊಫಿಷಿಯನ್ಸಿನೇ ಇಲ್ಲ. ಬೇಹುಗಾರ ಅಂತ ಮಾಡಿದ್ದು ಪೈಲ್ವಾನ್ ಆಗಿಬಿಡ್ತಾನೆ.

ಚಿತ್ರದುರ್ಗದಿಂದ:
ಕೋಟೆ ಇದೆಯಲ್ಲ, ಅದನ್ನೇ ಬಳಸಿ. ಏಳು ಸುತ್ತಿಗೂ ಒಂದೇ ಸ್ಟೆಲ್ತ್ (ಸದ್ದಿಲ್ಲದೆ ನುಸುಳೋ ಸ್ಕಿಲ್) ಪರೀಕ್ಷೆ ಇಟ್ಟರೆ ಬೇಸರ. ಗೋಡೆ ಹತ್ತೋಕೆ ಡಿಸಿ 20 ಇಡಿ. ಬೇಹುಗಾರ ಹತ್ತಿ ಹಗ್ಗ ಬಿಟ್ಟರೆ ಉಳಿದೋರಿಗೆ 10. ಕಥೆಗಳಲ್ಲಿ ಬರೋ ಹಾಗೆ ಉಡಕ್ಕೆ ಹಗ್ಗ ಕಟ್ಟಿ ಎಸೆಯೋದು ಬೇಕಾದ್ರೆ ಅನಿಮಲ್ ಹ್ಯಾಂಡ್ಲಿಂಗ್ (ಪ್ರಾಣಿ ಪಳಗಿಸೋ ಸ್ಕಿಲ್)‌ಗೂ ಕೊನೆಗೊಂದು ಕೆಲಸ ಸಿಕ್ಕಿತು! ಓಬವ್ವನ ಕಿಂಡಿ ಥರದ ಜಾಗದಲ್ಲಿ ಬೇಹುಗಾರನಿಗೆ ಡೈಸ್ ಬೇಡ, ಸುಮ್ಮನೆ ನುಸುಳಲಿ. ಭಾರಿ ಕವಚ ಹಾಕಿದೋರಿಗೆ ಡಿಸಿ 15. ನಾಲ್ಕು ಅಂಕದೊಳಗೆ ಸೋತರೆ ಕೆಲಸ ಆಗಲಿ, ಬೆಲೆ ತೆರಲಿ: ಹಗ್ಗ ಹೋಯ್ತು, ಇಲ್ಲ ಕಾವಲುಗಾರ ಎಚ್ಚರಾದ.

ಪ್ರಶ್ನೆ ಕೇಳಿದವರು:
ಸರಿ ಸರ್. ಹಾಗಾದ್ರೆ ಎಕ್ಸ್‌ಪರ್ಟೀಸ್ ಮೊದಲ ಲೆವೆಲ್‌ಗೆ ಎರಡು, ಇನ್ನೆರಡು 3ಕ್ಕೆ?

ಉತ್ತರ:
6ಕ್ಕೆ ಇಡಿ. 3ರಲ್ಲೇ ಮುಗಿದರೆ ಬಾರ್ಡ್, ರೇಂಜರ್ ಥರದ ಬೇರೆ ಕ್ಲಾಸ್‌ನೋರೆಲ್ಲ ಈ ಕ್ಲಾಸ್‌ನ ಮೂರು ಲೆವೆಲ್ ಮಾತ್ರ ಕಿತ್ತುಕೊಂಡು ಹೋಗ್ತಾರೆ.