ಟೇಬಲ್ ‘ವರ್ಗಾವಣೆ’ ಆದ ಮೇಲೆ ಹಳೆಯದು ಇರುತ್ತದೋ, ಇಲ್ಲವೋ?

ಎಲ್ಲರಿಗೂ ನಮಸ್ಕಾರ.

ಎಚ್‌ಬೇಸ್ ಅನ್ನುವ ಡೇಟಾಬೇಸ್‌ನ ಟೇಬಲನ್ನು ಒಂದು ಹಡೂಪ್ ಕ್ಲಸ್ಟರ್‌ನಿಂದ (ಒಟ್ಟಾಗಿ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಇನ್ನೊಂದಕ್ಕೆ ಕಳಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈ ವಾಕ್ಯದ ‘ಕಳಿಸುವುದು’ ಅನ್ನುವ ಮಾತನ್ನೇ ಎರಡು ಸಲ ಅಳಿಸಿ, ಮತ್ತೆ ಅದನ್ನೇ ಬರೆದಿದ್ದೇನೆ. ನನ್ನ ಪ್ರಶ್ನೆ ಆ ಕ್ರಿಯಾಪದದ್ದು.

ಮೊದಲು ‘ವರ್ಗಾಯಿಸು’ ಅಂತ ಬಳಸುತ್ತಿದ್ದೆ. ಒಂದು ರಾತ್ರಿ ಕೆಲಸ ಮುಗಿಸಿ ತಂಡಕ್ಕೆ ಒಂದು ಸಾಲು ಹಾಕಿದೆ: ‘ಟೇಬಲ್ ಹೊಸ ಕ್ಲಸ್ಟರ್‌ಗೆ ವರ್ಗಾವಣೆಯಾಗಿದೆ.’ ಬೆಳಿಗ್ಗೆ ಅದನ್ನು ಓದಿದ ಸಹೋದ್ಯೋಗಿಯೊಬ್ಬರು ಹಳೆ ಟೇಬಲನ್ನು ಡಿಸೇಬಲ್ ಮಾಡಿ (ಬಳಕೆ ನಿಲ್ಲಿಸಿ), ಡ್ರಾಪ್ ಮಾಡಿಬಿಟ್ಟರು, ಅಂದರೆ ಅಳಿಸಿಬಿಟ್ಟರು. ಅವರನ್ನು ದೂರುವ ಹಾಗಿಲ್ಲ. ವರ್ಗಾವಣೆಯಾದ ನೌಕರ ಹಳೆ ಕುರ್ಚಿಯಲ್ಲೂ ಕೂತಿರುತ್ತಾನಾ? ನಾನು ಮಾಡಿದ್ದು ಮಾತ್ರ ಬೇರೆ. ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಟೇಬಲ್‌ನಲ್ಲಿದ್ದ ಫೈಲುಗಳ ಪಟ್ಟಿ) ತೆಗೆದು ಆ ಫೈಲುಗಳ ಪ್ರತಿ ಕಳಿಸಿದ್ದೆ, ಅಷ್ಟೆ. ಅದಾದ ಮೇಲೂ ಹಳೆ ಟೇಬಲ್‌ಗೆ ದಾಖಲೆಗಳು ಬಂದು ಬೀಳುತ್ತಲೇ ಇದ್ದವು. ಡ್ರಾಪ್ ಆದಾಗ ಸ್ನ್ಯಾಪ್‌ಶಾಟ್ ಹೆಸರಿಸಿದ್ದ ಫೈಲುಗಳೇನೋ ಆರ್ಕೈವ್‌ನಲ್ಲಿ (ಟೇಬಲ್‌ನಿಂದ ತೆಗೆದ ಫೈಲುಗಳನ್ನು ಇಡುವ ಜಾಗ) ಭದ್ರವಾಗಿ ಉಳಿದವು. ಆಮೇಲೆ ಬಂದವಕ್ಕೆ ಯಾರೂ ದಿಕ್ಕಿರಲಿಲ್ಲ. ಅಂಥ ಫೈಲುಗಳನ್ನು ಎಚ್‌ಬೇಸ್, ನಾವು ಬದಲಾಯಿಸದಿದ್ದರೆ, 5 ನಿಮಿಷ ಇಟ್ಟುಕೊಂಡು ಆಮೇಲೆ ಗುಡಿಸಿಹಾಕುತ್ತದೆ. ಆ ರಾತ್ರಿಯ ದಾಖಲೆಗಳನ್ನು ಲಾಗ್‌ಗಳಿಂದ ಹೆಕ್ಕಿ ಮತ್ತೆ ತುಂಬುವಷ್ಟರಲ್ಲಿ ಸಂಜೆಯಾಗಿತ್ತು.

ಹಾಗಾಗಿ ಬೇರೆ ಪದ ಹುಡುಕಲು ಹೊರಟೆ. ‘ಸ್ಥಳಾಂತರ’ಕ್ಕೂ ಇದೇ ತೊಂದರೆ, ಹಳೆ ಜಾಗ ಖಾಲಿಯಾಗಿಬಿಡುತ್ತದೆ. ‘ರಫ್ತು’ ಮಾಡಿದ ಸರಕೂ ಹಿಂದೆ ಉಳಿಯುವುದಿಲ್ಲ. ‘ವಲಸೆ’ ಅಂತ ಈಗ ಸುಮಾರು ಜನ ಬರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ವಲಸೆ ಹೋಗುವವರು ತಾವೇ ಕಾಲೆತ್ತಿ ಹೋಗುತ್ತಾರೆ, ಅವರನ್ನು ಇನ್ನೊಬ್ಬರು ‘ವಲಸೆ ಮಾಡುವುದು’ ಅಂತಿಲ್ಲ. ಟೇಬಲ್ ತಾನಾಗಿ ಎದ್ದು ಹೋಗುತ್ತದಾ? (ಟೇಬಲ್ ಅಂದರೆ ಮೇಜು ಅಂದುಕೊಂಡು ‘ಅದನ್ನು ಸಾಗಿಸಲು ಎಷ್ಟು ಜನ ಬೇಕು’ ಅಂತ ಕೇಳಿದವರೂ ಇದ್ದಾರೆ. ‘ಕೋಷ್ಟಕ’ ಅಂದರೆ ಆ ಗೊಂದಲ ತಪ್ಪುತ್ತದೆ, ನಿಜ. ಆದರೆ ಈ ಕೆಲಸ ಮಾಡುವವರ ಬಾಯಲ್ಲಿ ಅದಿಲ್ಲ.)

ಇನ್ನು ‘ನಕಲು’. ಪರೀಕ್ಷೆಯ ನಕಲು, ನಕಲಿ ನೋಟು ನೆನಪಾಗುತ್ತವೆ ಅಂತ ಇದನ್ನು ಮೊದಲೇ ಪಕ್ಕಕ್ಕಿಟ್ಟಿದ್ದೆ. ಆಮೇಲೆ ಮೂಲ ಹುಡುಕಿದರೆ, ಇದರ ಹಿಂದಿರುವ ಅರಬ್ಬಿಯ ‘ನಕ್ಲ್’ಗೆ ಸಾಗಿಸುವುದು, ಪ್ರತಿ ಮಾಡುವುದು ಎರಡೂ ಅರ್ಥ! ನನ್ನನ್ನು ಕಾಡುತ್ತಿದ್ದ ಗೊಂದಲ ಆ ಒಂದೇ ಪದದ ಹೊಟ್ಟೆಯಲ್ಲಿ ಕೂತಿದೆ. ಕನ್ನಡಕ್ಕೆ ಬರುವ ಹೊತ್ತಿಗೆ ಸಾಗಿಸುವ ಅರ್ಥ ಕಳಚಿಹೋಗಿದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

‘ಸ್ನ್ಯಾಪ್‌ಶಾಟ್’ಗೆ ‘ಕ್ಷಣಚಿತ್ರ’ ಅಂದರೆ ಇನ್ನೊಂದು ಎಡವಟ್ಟು. ಚಿತ್ರ ಅಂದ ಕೂಡಲೇ ಅದು ಬೇರೆಯೇ ಆದ ಪ್ರತಿ ಅನಿಸುತ್ತದೆ. ಎಚ್‌ಬೇಸ್‌ನಲ್ಲಿ ಹಾಗಲ್ಲ. ಟೇಬಲ್‌ನ ದಾಖಲೆಗಳು ಕೂತಿರುವ ಎಚ್‌ಫೈಲುಗಳನ್ನು ಒಮ್ಮೆ ಬರೆದರೆ ಮುಗಿಯಿತು, ತಿದ್ದುವಂತಿಲ್ಲ. ಹಾಗಾಗಿ ‘ಈ ಹೊತ್ತಿನಲ್ಲಿ ಈ ಟೇಬಲ್ ಅಂದರೆ ಇಂತಿಂಥ ಫೈಲುಗಳು’ ಅಂತ ಪಟ್ಟಿ ಮಾಡಿಟ್ಟರೆ ಸಾಕು. ಟೇಬಲ್ ಎಷ್ಟೇ ದೊಡ್ಡದಿದ್ದರೂ ಒಂದು ಫೈಲನ್ನೂ ನಕಲು ಮಾಡುವುದಿಲ್ಲ. ಇದು ಫೋಟೋಗಿಂತ ಮಹಜರಿಗೆ ಹತ್ತಿರ. ಮಹಜರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತಾರೆ, ಸಾಮಾನು ಇದ್ದಲ್ಲೇ ಇರುತ್ತದೆ. ‘ಟೇಬಲ್‌ನ ಮಹಜರು ಮಾಡಿ’ ಅಂತ ಬರೆದರೆ ನೀವು ನಗುತ್ತೀರಿ ಅಂತ ಗೊತ್ತು, ನಾನೂ ನಕ್ಕೆ. ಆದರೆ ಹೊಸಬರಿಗೆ ಬಾಯಲ್ಲಿ ವಿವರಿಸುವಾಗ ಈ ಹೋಲಿಕೆ ತಟ್ಟನೆ ಅರ್ಥವಾಗುತ್ತದೆ.

ಸಾಗಿಸುವುದರಲ್ಲೂ ಎರಡು ಬಗೆ ಇದೆ. ಕಾಪಿಟೇಬಲ್ ಅನ್ನುವ ಸಾಧನ ಹಳೆ ಟೇಬಲ್‌ನ ಸಾಲುಗಳನ್ನು ಓದುತ್ತಾ ಹೊಸದರಲ್ಲಿ ಬರೆಯುತ್ತಾ ಹೋಗುತ್ತದೆ. ಕೊಡದಲ್ಲಿ ಮೊಗೆಮೊಗೆದು ತುಂಬಿದ ಹಾಗೆ. ಅದರ ಭಾರವೆಲ್ಲ ಟೇಬಲ್‌ನ ಓದು-ಬರಹ ನೋಡಿಕೊಳ್ಳುವ ರೀಜನ್ ಸರ್ವರ್‌ಗಳ ಮೇಲೆ. ಎಕ್ಸ್‌ಪೋರ್ಟ್‌ಸ್ನ್ಯಾಪ್‌ಶಾಟ್ ಅನ್ನುವ ಇನ್ನೊಂದು ಸಾಧನ ಆ ಗೊಡವೆಗೆ ಹೋಗದೆ ಫೈಲುಗಳನ್ನು ಮೂಟೆ ಮೂಟೆಯಾಗಿಯೇ ಹೊರುತ್ತದೆ. ಕೈಪಿಡಿಯಲ್ಲಿ ಮೊದಲನೆಯದಕ್ಕೆ ‘ಮೊಗೆದು ತುಂಬು’, ಎರಡನೆಯದಕ್ಕೆ ‘ಹೊತ್ತು ಹಾಕು’ ಅಂತ ಬರೆದು ನೋಡಿದೆ. ಓದಿದವರು ಯಾವುದು ನಿಧಾನ ಅಂತ ಮತ್ತೆ ಕೇಳಲಿಲ್ಲ.

ಈಗ ನನಗೆ ಜಾಸ್ತಿ ತಲೆ ಕೆಡಿಸಿದ ಸಂಗತಿ. ಕನ್ನಡದಲ್ಲಿ ‘ಒಯ್ಯು’ ಅಂದರೂ ‘ತರು’ ಅಂದರೂ ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನುವುದು ಅದರಲ್ಲೇ ಬಂದುಬಿಡುತ್ತದೆ. ಇಲ್ಲಿ ಅದು ಬರೀ ಮಾತಿನ ಚೆಂದ ಅಲ್ಲ. ಎಕ್ಸ್‌ಪೋರ್ಟ್‌ಸ್ನ್ಯಾಪ್‌ಶಾಟ್ ಆಗಲಿ, ಹಡೂಪ್‌ನ ಫೈಲು ನಕಲು ಸಾಧನ ಡಿಸ್ಟ್‌ಸಿಪಿ ಆಗಲಿ, ಒಳಗೆ ಮ್ಯಾಪ್‌ರೆಡ್ಯೂಸ್ ಕೆಲಸಗಳು, ಅಂದರೆ ಕ್ಲಸ್ಟರ್‌ನ ಹಲವು ಯಂತ್ರಗಳಿಗೆ ಹಂಚಿ ಓಡಿಸುವಂಥವು. ಯಾವ ಕ್ಲಸ್ಟರ್‌ನಲ್ಲಿ ಓಡಿಸುತ್ತೇವೋ ಅದರ ಯಂತ್ರಗಳೇ ಹೊರೆ ಹೊರಬೇಕು. ಹಳೆ ಕ್ಲಸ್ಟರ್ ಹಗಲಿಡೀ ದುಡಿಯುತ್ತಿದ್ದರೆ, ಖಾಲಿ ಕೂತಿರುವ ಹೊಸದರಲ್ಲಿ ನಿಂತು ಎಳೆದುಕೊಳ್ಳುವುದು ಜಾಣತನ. ಆಗ ಕೈಪಿಡಿಯಲ್ಲಿ ‘ಟೇಬಲನ್ನು ತನ್ನಿ’ ಅಂತ ಇರಬೇಕು. ‘ಒಯ್ಯಿರಿ’ ಅಂತಿದ್ದರೆ ಓದುವವರು ಹಳೆಯದಕ್ಕೇ ಲಾಗಿನ್ ಆಗುತ್ತಾರೆ. ‘ಸಾಗಿಸು’ ಮಾತ್ರ ಎಲ್ಲೂ ನಿಲ್ಲುವುದಿಲ್ಲ, ಎರಡು ಕಡೆಗೂ ಸಲ್ಲುತ್ತದೆ. ಆದರೆ ನನಗೆ ಕೆಲವು ಕಡೆ ನಿಂತ ಜಾಗವನ್ನು ಹೇಳುವುದೇ ಬೇಕಾಗಿದೆ. ‘ಒಯ್ಯಿರಿ’ ಅನ್ನುವುದು ನಿಮ್ಮ ಕಡೆ ಮಾತಿನಲ್ಲಿ ಉಳಿದಿದೆಯಾ, ಇಲ್ಲಾ ಹಳೆ ಪುಸ್ತಕದ ವಾಸನೆ ಬರುತ್ತದಾ? ನಾನು ಮಾತಾಡುವಾಗ ‘ತಗೊಂಡು ಹೋಗಿ’ ಅನ್ನುತ್ತೇನೆ. ಕೈಪಿಡಿಯಲ್ಲಿ ಅದು ಎಳೆದಾಡಿದಂತೆ ಕಾಣುತ್ತದೆ.

ಇನ್ನೊಂದು ಸಣ್ಣ ವಿಷಯ. ಸ್ನ್ಯಾಪ್‌ಶಾಟ್ ಹೊಸ ಕ್ಲಸ್ಟರ್‌ಗೆ ತಲುಪಿತು ಅಂದರೆ ಟೇಬಲ್ ಬಂತು ಅಂತಲ್ಲ. ಫೈಲುಗಳು ಅಲ್ಲಿನ ಆರ್ಕೈವ್‌ನಲ್ಲಿ ಸುಮ್ನೆ ಬಿದ್ದಿರುತ್ತವೆ, ಟೇಬಲ್‌ಗಳ ಪಟ್ಟಿ ಕೇಳಿದರೆ ಇದರ ಹೆಸರೇ ಬರುವುದಿಲ್ಲ. ಸ್ನ್ಯಾಪ್‌ಶಾಟ್ ಅನ್ನು ಕ್ಲೋನ್ ಮಾಡಿದ (ಅದರಿಂದ ಟೇಬಲ್ ಕಟ್ಟಿದ) ಮೇಲೆಯೇ ಟೇಬಲ್ ಕಾಣಿಸಿಕೊಳ್ಳುವುದು. ಕ್ಲೋನ್‌ಗೆ ಪತ್ರಿಕೆಗಳ ‘ತದ್ರೂಪಿ’ ಇದೆ. ಆದರೆ ‘ತದ್ರೂಪಿ ಮಾಡು’ ಅಂದರೆ ಇನ್ನೊಂದು ಸುತ್ತು ನಕಲು ನಡೆಯುತ್ತದೆ ಅನಿಸುತ್ತದೆ, ಇಲ್ಲಿ ಅದೂ ಇಲ್ಲ. ನಾನು ‘ಕೂರಿಸು’ ಅಂತ ಇಟ್ಟಿದ್ದೇನೆ. ಯಾರದಾದರೂ ತಕರಾರಿದ್ದರೆ ತಿಳಿಸಿ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಹಳೆ ಟೇಬಲ್ ಜೀವಂತ ಇರುವ ತನಕ ‘ಪ್ರತಿ ಕಳಿಸು’ ಅಥವಾ ‘ಪ್ರತಿ ತರಿಸು’, ಬೇರೆ ಏನೂ ಇಲ್ಲ. ಬರುವ ದಾಖಲೆಗಳೆಲ್ಲ ಹೊಸದಕ್ಕೆ ತಿರುಗಿ, ನಡುವೆ ಬಂದವೂ ಸೇರಿ, ಎರಡೂ ಕಡೆಯ ಲೆಕ್ಕ ತಾಳೆಯಾಗಿ, ಹಳೆಯದನ್ನು ಡ್ರಾಪ್ ಮಾಡುವುದೂ ಸೇರಿದ ಇಡೀ ಕೆಲಸಕ್ಕೆ ‘ಎತ್ತಂಗಡಿ’. ಅಧಿಕಾರಿಗಳ ವರ್ಗಾವಣೆಗೆ ಪತ್ರಿಕೆಗಳು ಬಳಸುವ ಅದೇ ಪದ. ‘ಟೇಬಲ್ ಎತ್ತಂಗಡಿಯಾಗಿದೆ’ ಅಂದರೆ ಹಳೆ ಜಾಗದಲ್ಲಿ ಇನ್ನೇನೂ ಉಳಿದಿಲ್ಲ ಅನ್ನುವುದರಲ್ಲಿ ಯಾರಿಗೂ ಸಂಶಯ ಬರಲಾರದು. ನಮ್ಮ ತಂಡದಲ್ಲಿ ತಮಾಷೆಗೆ ಶುರುವಾಗಿ ಈಗ ಎಲ್ಲರ ಬಾಯಲ್ಲೂ ಇದೆ. ಅಳುಕು ಒಂದೇ. ಆ ಪದದಲ್ಲಿ ಶಿಕ್ಷೆಯ ಛಾಯೆ ಇದೆ, ಏನೋ ತಪ್ಪು ಮಾಡಿದ್ದಕ್ಕೆ ಎತ್ತಿ ಹಾಕಿದರು ಅನ್ನುವ ಹಾಗೆ. ತಂಡದ ಹೊರಗಿನವರು ಓದುವ ಕೈಪಿಡಿಯಲ್ಲಿ ಇದು ನಿಂತೀತಾ? ಇದೇ ಕೆಲಸ ಮಾಡುವ, ಆದರೆ ಶಿಕ್ಷೆಯ ವಾಸನೆ ಇಲ್ಲದ ಪದ ನಿಮಗೆ ಹೊಳೆದರೆ ಬರೆಯಿರಿ. ‘ಸ್ಥಾನಪಲ್ಲಟ’ ಮಾತ್ರ ಬೇಡ, ಎರಡು ಟೇಬಲ್‌ಗಳು ಜಾಗ ಅದಲುಬದಲು ಮಾಡಿಕೊಂಡವೇನೋ ಅನಿಸುತ್ತದೆ.