ತೊಣ್ಣೂರು ಕೆರೆಗೆ ಒಂದು ದಿನ: ದಾರಿ, ಬುತ್ತಿ, ನೀರಿಗಿಳಿಯೋ ವಿಚಾರ

ಹರಟೆಮಲ್ಲ:
ಬೆಂಗಳೂರಿಂದ ಭಾನುವಾರ ಆರು ಜನ ಗೆಳೆಯರು ಪಾಂಡವಪುರದ ಹತ್ತಿರದ ತೊಣ್ಣೂರು ಕೆರೆಗೆ ಹೊರಟಿದ್ದೀವಿ. ನಾಲ್ವರು ಕಾರಲ್ಲಿ, ಇಬ್ಬರು ಬೈಕಲ್ಲಿ. ಸುತ್ತಾಟ ಕಡಿಮೆ, ದಂಡೆ ಮೇಲೆ ಕೂತು ಹರಟೆ ಜಾಸ್ತಿ ಇರಬೇಕು. ಎಷ್ಟೊತ್ತಿಗೆ ಬಿಡೋದು? ಊಟ ಕಟ್ಟಿಕೊಂಡೇ ಹೋಗಬೇಕಾ? ಈಜಬಹುದಾ?

ಸಕ್ಕರೆನಾಡು:
ಸುಮಾರು 130 ಕಿ.ಮೀ. ಐದೂವರೆಗೆ ಬಿಡಿ. ಏರಿ ಮೇಲೆ ನೆರಳು ಕಮ್ಮಿ, ಹನ್ನೊಂದರ ಮೇಲೆ ಕಲ್ಲು ಕಾದು ಕೂರೋಕಾಗಲ್ಲ. ಬೈಕಿನವರಿಗೆ ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಊರೂರಿಗೂ ಹಂಪು, ಜಂಕ್ಷನ್ನು. ಅವರು ಮುಕ್ಕಾಲು ಗಂಟೆ ಮುಂಚೆಯೇ ಹೊರಡಲಿ. ಕಾರಿನವರು 100 ದಾಟಬೇಡಿ, ಕ್ಯಾಮೆರಾ ಇವೆ. ಶ್ರೀರಂಗಪಟ್ಟಣ ಬರೋಕೆ ಮುಂಚೆ ಪಾಂಡವಪುರದ ಬೋರ್ಡ್ ನೋಡಿ ಎಡಬದಿಯಿಂದ ಹೆದ್ದಾರಿ ಇಳಿದು, ಆಮೇಲೆ ಬಲಕ್ಕೆ. ಆ ಇಳಿಜಾರು ತಪ್ಪಿದರೆ ಸುಮ್ಮನೆ ಮುಂದೆ ಹೋಗಿ ಸುತ್ತಿ ಬರಬೇಕು, ಅದಕ್ಕೇ ಮಂಡ್ಯ ದಾಟಿದ ಮೇಲೆ ಎಡ ಪಥದಲ್ಲೇ ಇರಿ.

ರೈಲಲ್ಲಿ ಬರೋ ಆಸೆ ಇದ್ದರೆ ಪಾಂಡವಪುರ ಸ್ಟೇಷನ್ ಇದೆ, ಆದರೆ ಅದು ಊರಿಂದ ಆಚೆ. ಅಲ್ಲಿಂದ ಕೆರೆಗೆ ಆಟೋ ಮಾತಾಡುವಾಗ ವಾಪಸ್ಸಿನದ್ದೂ ಸೇರಿಸಿಯೇ ಮಾತಾಡಿ.

ಒಗ್ಗರಣೆಸೌಟು:
ಕೆರೆ ಹತ್ತಿರ ಕುರುಕಲು ಸಿಗಬಹುದು, ಆರು ಜನರ ಊಟ ನಂಬಬೇಡಿ. ಪುಳಿಯೋಗರೆ, ಮೊಸರನ್ನ ಸಾಕು.

ಮೊಸರನ್ನಕ್ಕೆ 300 ಗ್ರಾಂ ಅಕ್ಕಿ ಮೆತ್ತಗೆ ಬೇಯಿಸಿ, ಬಿಸಿಯಿದ್ದಾಗಲೇ ಮಸೆದು, ಮುಕ್ಕಾಲು ಲೀಟರ್ ಕಾಯಿಸಿದ ಹಾಲು ಹಾಕಿ. ಉಗುರುಬೆಚ್ಚಗಾದ ಮೇಲೆ ಮೂರೇ ಚಮಚ ಮೊಸರು. ಬೆಳಿಗ್ಗೆ ಐದಕ್ಕೆ ಕಲಸಿದ್ದು ಹನ್ನೆರಡರ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತೆ. ಮನೆಯಲ್ಲೇ ಪೂರ್ತಿ ಮೊಸರು ಸುರಿದರೆ ಊಟದ ಹೊತ್ತಿಗೆ ಹುಳಿ ಹುಳಿ. ನೋಡೋಕೆ ಪಾಯಸದಷ್ಟು ತೆಳ್ಳಗಿದ್ದರೂ ಗಾಬರಿ ಬೇಡ, ಅನ್ನ ಹೀರಿಕೊಳ್ಳುತ್ತೆ.

ಪುಳಿಯೋಗರೆಗೆ ಅರ್ಧ ಕೆಜಿ ಅಕ್ಕಿ. ತಟ್ಟೆಯಲ್ಲಿ ಹರಡಿ, ಎರಡು ಚಮಚ ಎಳ್ಳೆಣ್ಣೆ ಹಾಕಿ, ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿ. ಬಿಸಿಬಿಸಿ ಡಬ್ಬಿಗೆ ತುಂಬಿದರೆ ಮುಚ್ಚಳದಲ್ಲಿ ಬೆವರಿ ಅನ್ನ ಹಳಸುತ್ತೆ. ತೆಂಗಿನತುರಿ ಬೇಡವೇ ಬೇಡ, ಬಿಸಿಲಿಗೆ ಮೊದಲು ಕೆಡೋದೇ ಅದು. ಬಾಳೆಲೆ ಒಯ್ಯಿರಿ, ಕಸಕ್ಕೊಂದು ಚೀಲವನ್ನೂ.

ಏರಿಮೇಲಿನವ:
ಈಜಿನ ಬಗ್ಗೆ ನೇರವಾಗಿ ಹೇಳ್ತೀನಿ: ಬೇಡ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿರೋ ನೀರು, ಏರಿ ಪಕ್ಕವೇ ಆಳ. ಊರ ಕೆರೆ ಅಂದುಕೊಂಡು ನಡೆದು ಹೋಗೋ ಹಾಗಿಲ್ಲ. ನೀರು ತಿಳಿಯಾಗಿರೋದೇ ಮೋಸ, ಎಂಟು ಅಡಿ ಆಳ ಮೇಲಿಂದ ಆರು ಅಡಿ ಥರ ಕಾಣುತ್ತೆ. ನೀರು ತಾಗೋ ಕಲ್ಲಿಗೆ ಪಾಚಿ ಬೇರೆ. ಕಾಲು ಇಳಿಬಿಡೋದಾದರೆ ಒಣಗಿರೋ ಕಲ್ಲಿನ ಮೇಲೆ ಕೂತು. ಸೆಲ್ಫಿಗೆ ಅಂತ ಒಂದು ಮೆಟ್ಟಿಲು ಕೆಳಗಿಳಿಯೋರೇ ಜಾರೋದು. ಬಿಯರ್ ಡಬ್ಬಿಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಹರಟೆಮಲ್ಲ:
ಸರಿ, ಈಜು ಕ್ಯಾನ್ಸಲ್. ಬಿಸಿಲು ಏರಿದ ಮೇಲೆ ಎಲ್ಲಿಗೆ? ಮೇಲುಕೋಟೆ?

ಸಕ್ಕರೆನಾಡು:
ಮೊದಲು ಊರೊಳಗಿನ ನಂಬಿನಾರಾಯಣ ದೇವಸ್ಥಾನ. ಹೊಯ್ಸಳ ವಿಷ್ಣುವರ್ಧನನ ಕಾಲದ್ದು ಅಂತಾರೆ, ಒಳಗೆ ತಂಪು. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಹನ್ನೊಂದರೊಳಗೆ ಹೋಗಿ. ಊಟ ಆಗಿ ಮರದ ಕೆಳಗೆ ಅಡ್ಡಾಗಿ, ಮೂರೂವರೆಗೆ ಮೇಲುಕೋಟೆಗೆ ಹೊರಟರೆ ಸಾಕು. ಚೆಲುವನಾರಾಯಣನ ಗುಡಿಯೂ ಮಧ್ಯಾಹ್ನ ಮುಚ್ಚಿರುತ್ತೆ, ಬೇಗ ಹೋಗಿ ಮಾಡೋದೇನೂ ಇಲ್ಲ. ಯೋಗನರಸಿಂಹನ ಬೆಟ್ಟಕ್ಕೆ 300ಕ್ಕೂ ಮಿಕ್ಕಿ ಮೆಟ್ಟಿಲು. ಕೋತಿ ಕಾಟ ಇದೆ, ಉಳಿದ ಪುಳಿಯೋಗರೆ ಡಬ್ಬಿ ಕಾರಲ್ಲೇ ಇರಲಿ.

ವೈರಮುಡಿ ಉತ್ಸವದ ಸಮಯದಲ್ಲಾದರೆ ಮೇಲುಕೋಟೆ ಕೈಬಿಡಿ, ಗಾಡಿ ನಿಲ್ಲಿಸೋಕೂ ಜಾಗ ಸಿಗಲ್ಲ.