ಊಟದ ಹೊತ್ತಿನಲ್ಲಿ ಮಗುವಿಗೆ ಪಾಠ ಹೇಳಿಕೊಡಬೇಕೇ?

ಪ್ರಶ್ನೆ (ನವನಗರ, ಬಾಗಲಕೋಟೆ)
ನಮ್ಮ ಮಗಳಿಗೆ ನಾಲ್ಕು ವರ್ಷ. ರಾತ್ರಿ ಅತ್ತೆ, ಮಾವನವರೊಂದಿಗೆ ಎಲ್ಲರೂ ಕೂಡಿಯೇ ಊಟಕ್ಕೆ ಕೂಡುತ್ತೇವೆ. ಆದರೆ ಮುಂದೆ ಮೊಬೈಲ್ ಇಲ್ಲದಿದ್ದರೆ ಅವಳು ತುತ್ತು ಮುಟ್ಟುವುದಿಲ್ಲ. ಒಟ್ಟಿಗೆ ಉಣ್ಣುವ ಮನೆಯ ಮಕ್ಕಳು ಕಲಿಕೆಯಲ್ಲಿ ಮುಂದಿರುತ್ತಾರೆಂದು ಯಾರೋ ಹೇಳಿದ್ದರಿಂದ, ನಮ್ಮ ಯಜಮಾನರು ಊಟದ ನಡುವೆಯೇ ಅಂಕಿ, ಅಕ್ಷರ, ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಕೇಳತೊಡಗಿದ್ದಾರೆ. ಅವಳು ತಾಟು ಬಿಟ್ಟು ಎದ್ದು ಹೋಗುತ್ತಾಳೆ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಉತ್ತರ 1 (ಶಿಕ್ಷಕಿ, ಜಮಖಂಡಿ)
ಪ್ರಶ್ನೋತ್ತರವನ್ನು ದಯವಿಟ್ಟು ನಿಲ್ಲಿಸಿರಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು ಅಮೆರಿಕದ ಕಡಿಮೆ ಆದಾಯದ ಕುಟುಂಬಗಳ ಊಟದ ಹೊತ್ತಿನ ಮಾತುಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿದ್ದರು; ದಿನಬಳಕೆಯಲ್ಲಿ ಅಪರೂಪವಾದ ಪದಗಳು ಹೆಚ್ಚು ಕಿವಿಗೆ ಬಿದ್ದ ಮಕ್ಕಳ ಶಬ್ದಸಂಪತ್ತು ಮುಂದೆ ಹೆಚ್ಚಾಗಿತ್ತು. ಅಂಥ ಪದಗಳು ಬರುವುದು ದೊಡ್ಡವರು ನಡೆದ ಸಂಗತಿಯನ್ನು ಹೇಳುವಾಗ, ಮಗುವಿನ "ಯಾಕ?" ಎಂಬುದಕ್ಕೆ ಬಿಡಿಸಿ ಉತ್ತರಿಸುವಾಗ. ನಿಮ್ಮ ಮಾವನವರು ಜೋಳದ ರಾಶಿಯ ಸುದ್ದಿ ತೆಗೆದರೆ ಕೂರಿಗೆ, ಕಣ, ಹಗೇವು ಎಲ್ಲವೂ ಮಗುವಿನ ಕಿವಿಗೆ ಬೀಳುತ್ತವೆ. ಯಾವ ಕಾರ್ಟೂನಿನಲ್ಲಿಯೂ ಇವು ಸಿಗಲಾರವು! ರೊಟ್ಟಿ ಯಾಕೆ ಉಬ್ಬಿತೆಂದು ಅವಳು ಕೇಳಿದರೆ, ಒಳಗಿನ ನೀರು ಉಗಿಯಾಗುವುದನ್ನು ತಿಳಿಸಿರಿ. ಅವಳ ಉತ್ತರ ತಪ್ಪಿದ್ದರೂ ಮಾತು ಮುಂದುವರಿಯಲಿ.

ಉತ್ತರ 2 (ವಿಜಯಪುರ)
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಅಗತ್ಯ. ದಿನವೂ ಕೂಡಿ ಉಣ್ಣಲು ಸಾಧ್ಯವಿರುವ ಮನೆಗಳಲ್ಲಿ ಬಿಡುವು, ಆದಾಯ, ನೆಮ್ಮದಿಯೂ ಹೆಚ್ಚಿರಬಹುದಾದ್ದರಿಂದ, ಕಲಿಕೆಯ ಶ್ರೇಯಸ್ಸನ್ನೆಲ್ಲ ಊಟಕ್ಕೇ ಕಟ್ಟುವುದು ಸರಿಯಲ್ಲ. ಪಾಳಿಯ ಕೆಲಸದಲ್ಲಿರುವ ನನ್ನಂಥವರು ರಾತ್ರಿ ಮನೆಯಲ್ಲಿರುವುದೇ ಕಡಿಮೆ. ಮುಂಜಾನೆಯ ನಾಷ್ಟಾದ ಹೊತ್ತಿನ ಮಾತು ಇದಕ್ಕಿಂತ ಕಡಿಮೆಯೇನಲ್ಲ.

ಉತ್ತರ 3 (ಅಜ್ಜಿ, ಅಥಣಿ)
ಮೊಬೈಲಿನ ವಿಷಯವನ್ನು ಯಾರೂ ಎತ್ತಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ತಿಳಿಸಿದೆ. ಮೊದಲು ದೊಡ್ಡವರ ಮೊಬೈಲು, ಟಿವಿ ಬಂದಾಗಲಿ. ರೊಟ್ಟಿಯನ್ನು ಅವಳೇ ಮುರಿದುಕೊಳ್ಳಲಿ, ಸಾಕೆಂದರೆ ಒತ್ತಾಯ ಬೇಡ. ಕೆಲವು ದಿನ ರಂಪ ಮಾಡಿಯಾಳು, ಅದಕ್ಕೆ ಮಣಿಯಬೇಡಿರಿ. ತೂಕ ಇಳಿಯುತ್ತಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿರಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಇಂಗ್ಲಿಷಿನಲ್ಲಿಯೇ ಮಾತನಾಡಿದರೆ ಶಾಲೆಗೆ ಅನುಕೂಲವೆಂದು ಯಜಮಾನರು ವಾದಿಸುತ್ತಿದ್ದಾರೆ.

ಉತ್ತರ 1ರವರು
ಮನೆಯಲ್ಲಿ ಯಾರಿಗೂ ಸಲೀಸಲ್ಲದ ಭಾಷೆಯಲ್ಲಿ ಮಾತು ಬಣ್ಣಗಳ ಹೆಸರಿಗೇ ಮುಗಿದುಹೋಗುತ್ತದೆ, ಕಥೆಯವರೆಗೆ ಹೋಗುವುದಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿಯೇ ಬೋಧನೆ ನಡೆಯಲಿ ಎನ್ನುತ್ತದೆ. ನಿಮ್ಮ ಯಜಮಾನರು ಅಂದಿನ ಕೆಲಸದಲ್ಲಿ ಏನೇನಾಯಿತೆಂದು ಕನ್ನಡದಲ್ಲಿಯೇ ಅವಳಿಗೆ ಹೇಳಲಿ.